ಗಾಳಿ ಕುಡಿದ ಪಂಪು

ಲಾರಿ ಎಂಜಿನ್ನಿನ ನೀರು ಆರಿಸುವ ರೇಡಿಯೇಟರಿನ ದೊಡ್ಡ ಹೋಸುಗಳನ್ನು ತಪ್ಪಾಗಿ ಜೋಡಿಸುವುದು ಕಷ್ಟ. ಮೇಲಿನದು ಥರ್ಮೋಸ್ಟಾಟ್ (ನೀರು ಕಾದ ಮೇಲೆ ತೆರೆಯುವ ಕವಾಟ) ಕಡೆಯಿಂದ ಬಿಸಿ ನೀರು ತರುತ್ತದೆ, ಕೆಳಗಿನದು ಆರಿದ ನೀರನ್ನು ವಾಟರ್ ಪಂಪಿಗೆ ಒಯ್ಯುತ್ತದೆ. ಎರಡರ ಬಾಗೂ ಬೇರೆ, ಅದಲುಬದಲು ಮಾಡಿದರೆ ಕೂರುವುದೇ ಇಲ್ಲ. ನನ್ನ ಮಾನ ಕಳೆದಿದ್ದು ಬೆರಳು ದಪ್ಪದ ಎರಡು ಪೈಪು.

ಲಾರಿ ಸೆಕೆಂಡ್ ಹ್ಯಾಂಡ್. ಹಳೇ ರೇಡಿಯೇಟರಿಗೆ ಬೆಸುಗೆ ಹಾಕಿಸಿ ಹಾಕಿಸಿ ಸಾಕಾಗಿ ಹೊಸದು ತಂದೆ. ಕೂಲಿ ಉಳಿಯಲಿ ಎಂದು ಹಾಸನದ ಮನೆ ಮುಂದೆ ನಾನೇ ಬಿಚ್ಚಲು ಕೂತೆ. ಗುರುತು ಮಾಡಿಕೊಳ್ಳಲಿಲ್ಲ. ಫೋನ್ ಜೇಬಿನಲ್ಲೇ ಇತ್ತು, ಆದರೆ ಕೈತುಂಬ ಗ್ರೀಸು. ಎಕ್ಸ್‌ಪ್ಯಾನ್ಶನ್ ಟ್ಯಾಂಕು ಅಂದರೆ ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಡಬ್ಬ; ಅದರ ತಲೆಗೊಂದು, ತಳಕ್ಕೊಂದು ಪೈಪು. ಹಿಂದಿನ ಮಾಲೀಕ ಎರಡಕ್ಕೂ ಒಂದೇ ಅಳತೆಯ ಕರಿ ಪೈಪು ಹಾಕಿಸಿದ್ದ. ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿಗೆ ತುರುಕಿ ಕ್ಲಿಪ್ ಬಿಗಿದೆ. ಹತ್ತು ನಿಮಿಷ ಸ್ಟಾರ್ಟ್‌ನಲ್ಲಿಟ್ಟೆ. ಒಂದು ಹನಿ ಸೋರಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದ್ದೂ ಆಯಿತು.

ಮಾರನೇ ದಿನ ಖಾಲಿ ಗಾಡಿ ಮಂಗಳೂರಿಗೆ ಇಳಿಯುವಾಗ ಎಲ್ಲ ಸರಿ. ಗೊಬ್ಬರ ತುಂಬಿಕೊಂಡು ವಾಪಸು ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತಿದ್ದೇ ಹೀಟ್ ಮೀಟರಿನ ಮುಳ್ಳು ಕುಣಿಯತೊಡಗಿತು. ಏರುವುದು, ತಟಕ್ಕನೆ ಬೀಳುವುದು, ಮತ್ತೆ ಏರುವುದು. ಮೀಟರೇ ಕೆಟ್ಟಿದೆ ಅಂದುಕೊಂಡೆ. ಆಗ ಟ್ಯಾಂಕಿನ ಮುಚ್ಚಳದಿಂದ ಹಸಿರು ಕೂಲೆಂಟ್ ನೀರು ಉಕ್ಕಿ ಗ್ಲಾಸಿಗೆ ಆವಿ ಬಡಿಯಿತು. ಬದಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟೆ.

ಕ್ಲೀನರ್ ಹುಡುಗ ಕ್ಯಾನ್ ಹಿಡಿದು ಕೆಂಪುಹೊಳೆಗೆ ಓಡಿದ. ಅವನು ತಂದ ನೀರನ್ನು ಹಾಗೇ ಸುರಿಯಲು ಹೊರಟಿದ್ದೆ. ಹಿಂದೆ ನಿಂತ ಲಾರಿಯಿಂದ ಇಳಿದ ಹಿರಿಯ ಡ್ರೈವರೊಬ್ಬರು ಕೂಗಿದರು: "ತಡಿಯೋ ಮಾರಾಯ, ಕಾದ ಎಂಜಿನ್ ಹೆಡ್ಡಿಗೆ ತಣ್ಣೀರು ಹೊಯ್ದು ಸೀಳಿಸ್ತೀಯಾ?"

ಮುಕ್ಕಾಲು ಗಂಟೆ ಸುಮ್ಮನೆ ಕೂತೆವು. ಆಮೇಲೆ ಅವರು ಗೋಣಿಚೀಲ ಹಾಕಿ ಮುಚ್ಚಳವನ್ನು ಮೆಲ್ಲಗೆ ತಿರುವಿದರು. ಪೈಪುಗಳನ್ನು ಬೆರಳಿನಿಂದ ಸವರುತ್ತ ಇನ್ನೊಂದು ತುದಿವರೆಗೆ ಹೋದರು. ನಾನು ಮನೆ ಮುಂದೆ ಮಾಡಬೇಕಿದ್ದ ಕೆಲಸ ಅಷ್ಟೇ.

"ತಳದ ಪೈಪು ಪಂಪಿಗೆ ಹೋಗ್ಬೇಕು, ನೀರು ಕೊಡಕ್ಕೆ. ಮೇಲಿನದು ರೇಡಿಯೇಟರ್ ತಲೆಯಿಂದ ಬರೋ ಗಾಳಿಗೆ. ನೀನು ತಿರುಗಾಮುರುಗಾ ಮಾಡಿದೀಯ. ಪಂಪು ನೀರು ಬಿಟ್ಟು ಗಾಳಿ ಕುಡೀತಾ ಕೂತಿದೆ."

ಮುಳ್ಳು ಕುಣಿದದ್ದಕ್ಕೂ ಆಗ ಅರ್ಥ ಬಂತು: ಸೆನ್ಸರಿಗೆ ಒಮ್ಮೆ ನೀರು, ಒಮ್ಮೆ ಗಾಳಿ.

ಪೈಪು ಬದಲಿಸುವಾಗ ನನ್ನ ಕ್ಲಿಪ್ಪೊಂದರ ಸ್ಕ್ರೂ ಮರೆ ಸವೆದು ಹೋಯಿತು. ಅವರು ತಮ್ಮ ಡಬ್ಬಿಯಿಂದ ಒಂದು ತೆಗೆದು ಹಾಕಿದರು. ಎಂಜಿನ್ ಸ್ಲೋನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ನೀರು ಹೊಯ್ಯಿಸಿದರು. ಗುಳುಗುಳು ಎಂದು ಗುಳ್ಳೆ ಬಂದು ಬಂದು ನಿಂತಿತು. ಕೆಳಗಿನ ದೊಡ್ಡ ಹೋಸು ಮುಟ್ಟಿ ನೋಡಲು ಹೇಳಿದರು. ಮೊದಲು ತಣ್ಣಗಿತ್ತು, ಥರ್ಮೋಸ್ಟಾಟ್ ತೆರೆದ ಮೇಲೆ ಬಿಸಿಯಾಯಿತು. "ಈಗ ಸುತ್ತು ಹೊಡೀತಿದೆ, ಹೊರಡು" ಎಂದರು.

ಮಾರನಹಳ್ಳಿವರೆಗೆ ಮುಳ್ಳು ಅಲ್ಲಾಡಲಿಲ್ಲ. ಅಲ್ಲಿ ಅವರಿಗೆ ಚಹಾ ಕೊಡಿಸಿದೆ, ದುಡ್ಡು ಮುಟ್ಟಲಿಲ್ಲ. ಕ್ಲಿಪ್ಪನ್ನಾದರೂ ವಾಪಸು ಕೊಡಬೇಕಿತ್ತು. ಅದಿನ್ನೂ ಟ್ಯಾಂಕಿನ ತಳದಲ್ಲೇ ಇದೆ, ಪಕ್ಕದಲ್ಲಿ ಹುಡುಗ ಸುತ್ತಿದ ಕೆಂಪು ಟೇಪಿನ ಜೊತೆ.