ಘೇತಲೇ

ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ಇಷ್ಟು ವರ್ಷ ಕ್ರಿಮಿನಲ್ ಕೇಸು ನಡೆಸಿದ್ದೇನೆ. ನನ್ನ ಕಕ್ಷಿದಾರರ ಮುಂದೆ ನಾನು ತಲೆ ತಗ್ಗಿಸಿದ್ದು ಒಂದೇ ಸಲ, ಅದೂ ನಾನೇ ಕೇಳಿದ ಒಂದು ಪ್ರಶ್ನೆಗೆ.

2019ರ ಮಾತು. ಯಾದಗಿರಿ ಕಡೆಯ ಹೆಣ್ಣುಮಗಳು, ಒಂದು ವಸತಿ ಸೊಸಾಯಿಟಿಯ ನಾಲ್ಕು ಮನೆಗಳಲ್ಲಿ ಧುಣಿ-ಭಾಂಡಿ, ಅಂದರೆ ಬಟ್ಟೆ-ಪಾತ್ರೆ ತೊಳೆಯುವ ಕೆಲಸ, ಮಾಡುತ್ತಿದ್ದಳು. ಒಂದು ಮನೆಯಲ್ಲಿ ಎರಡು ಪಾಟ್ಲಿ (ಬಳೆ), ಒಂದು ಜೊತೆ ಝುಮಕಿ ಕಾಣೆಯಾದವು. ಕಪಾಟಿನ ಕೀಲಿಕೈ ಇರುತ್ತಿದ್ದದ್ದು ಫ್ರಿಜ್ ಮೇಲೆ. ಆ ವಾರ ಪೇಂಟರ್, ಎಸಿ ರಿಪೇರಿಯವನು, ಸಂಬಂಧಿಕರು ಎಲ್ಲ ಬಂದು ಹೋಗಿದ್ದರು. ಎಫ್‌ಐಆರ್‌ನಲ್ಲಿ ಬಂದದ್ದು ಇವಳೊಬ್ಬಳ ಹೆಸರು.

ಅವಳ ಮುಖ ನೋಡುವ ಮೊದಲು ನಾನು, ಪಂಚರೆಂಬ ಸಾಕ್ಷಿಗಳ ಮುಂದೆ ಪೊಲೀಸರು ಬರೆದ ಪಂಚನಾಮೆ ಓದಿದೆ. ಮರಾಠಿಯಲ್ಲಿತ್ತು: 'ಮೀ ಝುಮಕೇ ಘೇತಲೇ, ಘರೀ ಠೇವಲೇ ಆಹೇತ, ದಾಖವತೇ.' ಝುಮಕಿ ತೊಗೊಂಡೆ, ಮನೆಯಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ ಅಂತ. ಕೆಳಗೆ ಹೆಬ್ಬೆಟ್ಟು. ಅವಳ ತಗಡಿನ ಮನೆಯ ಅಕ್ಕಿ ಡಬ್ಬಿಯಲ್ಲಿ ಝುಮಕಿ ಸಿಕ್ಕಿದ್ದವು. ನನ್ನ ಮಟ್ಟಿಗೆ ಕೇಸು ಮುಗಿದಿತ್ತು. ಕೋರ್ಟಿನ ವರಾಂಡದಲ್ಲಿ ಅವಳನ್ನು ಕಂಡು ಕೇಳಿದೆ:

'ಖರೇ ಹೇಳ ಅಕ್ಕಾ, ಪಾಟ್ಲಿ ಎಲ್ಲಿ ಇಟ್ಟಿ?'

ತೊಗೊಂಡಿಯಾ ಅಂತಲೂ ಅಲ್ಲ, ಎಲ್ಲಿ ಇಟ್ಟಿ ಅಂತ. ಎರಡು ದಿನದಿಂದ ಅವಳಿಗೆ ಕನ್ನಡ ಬಲ್ಲವರೊಬ್ಬರೂ ಸಿಕ್ಕಿರಲಿಲ್ಲ. ನನ್ನ ಮಾತು ಕೇಳಿ ಅರಳಿದ ಮುಖ ಅಲ್ಲೇ ಬಾಡಿತು. 'ನೀವೂ ಅವರಂಗ ಕೇಳ್ತೀರಲ್ರಿ ಸಾಹೇಬ್ರ' ಅಂದಳು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯುವುದಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲಿ ಅದೇ 23ನೇ ಕಲಮು. ಆರೋಪಿ ಹೇಳಿದ್ದರಿಂದಲೇ ವಸ್ತು ಸಿಕ್ಕಿದ್ದರೆ ಅಷ್ಟು ಮಾತು ಮಾತ್ರ ನಡೆಯುತ್ತದೆ. ಕಳ್ಳತನ ರುಜುವಾತು ಮಾಡಬೇಕಾದದ್ದು ಸರ್ಕಾರಿ ಪಕ್ಷ, ತಾನು ಕಳ್ಳಿಯಲ್ಲ ಎಂದು ಅವಳು ತೋರಿಸಬೇಕಿಲ್ಲ. ಇದೆಲ್ಲ ನನಗೆ ಬಾಯಿಪಾಠ. ವಾದಕ್ಕೆ ನಿಂತಾಗ ಬಳಸುತ್ತಿದ್ದೆ ಅಷ್ಟೇ, ನಂಬಿರಲಿಲ್ಲ.

ಮನೆಗೆಲಸದವರ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 7 ವರ್ಷ. ಇಂಥ ಕೇಸಿನಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ, ಬಂಧಿಸಿದರೆ ಕಾರಣ ಬರೆಯಿರಿ ಎಂದು ಸುಪ್ರೀಂ ಕೋರ್ಟು ಅರ್ನೇಶ್ ಕುಮಾರ್ ಕೇಸಿನಲ್ಲಿ 2014ರಲ್ಲೇ ಹೇಳಿದೆ. ಇವಳ ಕಾಗದದಲ್ಲಿದ್ದ ಕಾರಣ ಒಂದೇ ಸಾಲು: ಪರಪ್ರಾಂತೀಯಳು, ಓಡಿಹೋಗಬಹುದು. ಆರನೇ ದಿನ ಬೇಲ್ ಸಿಕ್ಕಿತು. ಆದರೆ ಜಾಮೀನು ನಿಲ್ಲಲು ಆಸ್ತಿಪಾಸ್ತಿ ಇದ್ದವರು ಯಾರೂ ಸಿಗದೆ ಯರವಾಡಾ ಜೈಲಿನಲ್ಲಿ ಇನ್ನೂ ಹದಿಮೂರು ದಿನ ಕಳೆದಳು. 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಆ ಅಂಕಿ ಓದುವಾಗೆಲ್ಲ ನನಗೆ ಆ ಹದಿಮೂರು ದಿನ ನೆನಪಾಗುತ್ತವೆ.

ಬಿಡುಗಡೆಯಾದ ಮೇಲೆ ಕೂರಿಸಿಕೊಂಡು, ಈ ಸಲ ನಾನು ಸುಮ್ಮನಿದ್ದು, ಕೇಳಿಸಿಕೊಂಡೆ. 'ಠಾಣೇದಾಗ ಝುಮಕಿ ಅದಾವೇನ ಅಂದ್ರು. ಹೌದ್ರಿ, ತೊಗೊಂಡೀನಿ, ಮನ್ಯಾಗ ಅದಾವ ಅಂದೆ. ಗುಲಬರ್ಗಾದಾಗ ತೊಗೊಂಡಿದ್ದೆ, ಮಗಳ ಲಗ್ನಕ್ಕ.'

ನನಗೆ ಮೈ ಜುಮ್ಮೆಂದಿತು. ನಮ್ಮಲ್ಲಿ ಅಂಗಡಿಯಲ್ಲಿ ಕೊಂಡರೂ ತೊಗೊಂಡೆ, ಕದ್ದರೂ ತೊಗೊಂಡೆ. ಮರಾಠಿಯ 'ಘೇತಲೇ' ಕೂಡ ಹಾಗೆಯೇ. ಕೊಂಡದ್ದು ಎಂದು ಖಚಿತವಾಗಬೇಕಾದರೆ ಹಿಂದೆ 'ವಿಕತ್' ಸೇರಿಸಬೇಕು. ಅವಳ ಹರಕು ಮರಾಠಿಯಲ್ಲಿ ಆ ಪದ ಇರಲಿಲ್ಲ. ಎರಡೂ ಭಾಷೆ ಬಲ್ಲ ನಾನು ಪಂಚನಾಮೆಯನ್ನು ಎರಡು ಸಲ ಓದಿಯೂ ಕದ್ದದ್ದು ಎಂದೇ ಓದಿದ್ದೆ.

ಝುಮಕಿ ಕೊಂಡಾಗಿನ ಕಚ್ಚಾ ಚೀಟಿ ಊರಿನ ಟ್ರಂಕಿನಲ್ಲಿತ್ತು, ಅವಳ ತಮ್ಮ ತಂದುಕೊಟ್ಟ. ತೂಕ ಹೊಂದಿತು, ತಾರೀಖು ಅವಳು ಆ ಮನೆಗೆ ಸೇರುವುದಕ್ಕೂ ಮುಂಚಿನದು. ಆದರೆ ಕೇಸು ತಿರುಗಿದ್ದು ಪಂಚ ಸಾಕ್ಷಿಯಿಂದ. ಅವನು ಸೊಸಾಯಿಟಿಯ ವಾಚ್‌ಮನ್, ಸಾಧು ಮನುಷ್ಯ. ಪಾಟೀ ಸವಾಲಿನಲ್ಲಿ ಅವಳು ಬೇರೇನಾದರೂ ಹೇಳಿದಳೇ ಎಂದೆ. (ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಕೇಳಿಬಿಟ್ಟೆ.) 'ಗುಲಬರ್ಗ್ಯಾತ ಘೇತಲೇ ಮ್ಹಣಾಲೀ' ಅಂದ, ಗುಲಬರ್ಗಾದಲ್ಲಿ ತೊಗೊಂಡೆ ಅಂದಳು ಅಂತ. ಪುಣೆಯ ಕಪಾಟಿನ ಒಡವೆಯನ್ನು ಗುಲಬರ್ಗಾದಲ್ಲಿ ಕದಿಯುವುದು ಹೇಗೆ? ಜಡ್ಜ್ ಸಾಹೇಬರು ಟೈಪಿಸ್ಟ್ ಕಡೆ ತಿರುಗಿ ಆ ಮಾತನ್ನು ಹಾಗೆಯೇ ಬರೆಸಿದರು.

2023ರಲ್ಲಿ ಬಿಡುಗಡೆಯ ತೀರ್ಪು ಬಂತು. ಪಾಟ್ಲಿ ಇವತ್ತಿಗೂ ಸಿಕ್ಕಿಲ್ಲ.

ಈಗ ಹೊಸ ಕಕ್ಷಿದಾರರು ಬಂದರೆ ಮೊದಲು ಕೂರಿಸುತ್ತೇನೆ, ಕಾಗದ ಆಮೇಲೆ. ಅವರ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಂಡು, ಪಂಚನಾಮೆಯ ಪ್ರತಿ ಕ್ರಿಯಾಪದದ ಪಕ್ಕ ಇಟ್ಟು ನೋಡುತ್ತೇನೆ. ನನ್ನ ಜೂನಿಯರ್‌ಗಳಿಗೆ ಇದು ತಲೆನೋವು.

ತೀರ್ಪಿನ ನಕಲು ಕೊಟ್ಟ ದಿನ ಅವಳು ಲ್ಯಾಮಿನೇಷನ್ ಮಾಡಿಸಬೇಕು ಅಂದಳು. ಸೊಸಾಯಿಟಿಗಳ ಗೇಟಿನಲ್ಲಿ ತೋರಿಸಲು. ಓದಿ ಹೇಳಿರಿ ಅಂದಳು. ಕೊನೆಯ ಪುಟಕ್ಕೆ ಬಂದೆ: 'ಸಂಶಯಾಚಾ ಫಾಯದಾ ದೇಊನ್...' ಸಂಶಯದ ಲಾಭ ಕೊಟ್ಟು ಬಿಡುಗಡೆ.

ಅವಳು ತಡೆದಳು. 'ಅಂದ್ರ ಇನ್ನೂ ಸಂಶಯ ಐತೇನ್ರಿ?'

ಅದು ಕೋರ್ಟಿನ ಭಾಷೆ ಅಕ್ಕಾ, ಅಂದೆ. ಸ್ವಲ್ಪ ಹೊತ್ತು ಕಾಗದ ನೋಡಿದಳು. ಆಮೇಲೆ ಕೊನೆಯ ಪುಟ ನನ್ನ ಕೈಗೇ ಕೊಟ್ಟು, ಉಳಿದವನ್ನಷ್ಟೇ ಲ್ಯಾಮಿನೇಷನ್ ಅಂಗಡಿಗೆ ಒಯ್ದಳು.