ಸಂಸ್ಥೆ ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು?

ಮಾನಸಿಕ ಕಾಯಿಲೆ ಇರುವವರು, ಬೌದ್ಧಿಕ ವೈಕಲ್ಯ ಇರುವವರು ದೊಡ್ಡ ಸಂಸ್ಥೆಗಳ ಗೋಡೆಯೊಳಗಲ್ಲ, ಎಲ್ಲರ ಹಾಗೆ ಬೀದಿಯ ಒಂದು ಮನೆಯಲ್ಲಿ ಇರಬೇಕು ಅಂತ ನಾನು ಹೇಳಿದಾಗೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರಲ್ಲಿ ತಂದೆತಾಯಿಯರೇ ಜಾಸ್ತಿ. ಅವರ ಭಯ ಸುಳ್ಳಲ್ಲ.

ಅಮೆರಿಕದಲ್ಲಿ ಹಾಗೇ ಆಯಿತು. 1955ರಲ್ಲಿ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.6 ಲಕ್ಷ ಜನ ಇದ್ದರು. ಊರೂರಲ್ಲಿ ಆರೈಕೆ ಕೇಂದ್ರ ತೆರೆಯಲು 1963ರಲ್ಲಿ ಅಧ್ಯಕ್ಷ ಕೆನಡಿ ಕಾನೂನಿಗೆ ಸಹಿ ಹಾಕಿದರು. ಆಸ್ಪತ್ರೆಗಳು ಖಾಲಿಯಾದವು. ಅಂದುಕೊಂಡಷ್ಟು ಕೇಂದ್ರಗಳು ಮಾತ್ರ ಬರಲೇ ಇಲ್ಲ. ಎಷ್ಟೋ ಜನ ಬೀದಿಗೆ ಬಿದ್ದರು, ಜೈಲು ಸೇರಿದರು.

ಇಟಲಿಯ ಟ್ರಿಯೆಸ್ಟೆಯಲ್ಲಿ ಬೇರೆ ದಾರಿ ಹಿಡಿದರು. 1971ರಲ್ಲಿ ಫ್ರಾಂಕೊ ಬಸಾಲಿಯಾ ಎಂಬ ವೈದ್ಯರು ಸುಮಾರು 1,200 ಜನರಿದ್ದ ಆಸ್ಪತ್ರೆಯ ಹೊಣೆ ಹೊತ್ತರು. ಹೋಗಲು ಜಾಗವೇ ಇಲ್ಲದವರನ್ನು ಹೊರಗೆ ದಬ್ಬಲಿಲ್ಲ. ಅವರ ಹೆಸರು ರೋಗಿಗಳ ಪಟ್ಟಿಯಿಂದ ಹೋಯಿತು, ಅದೇ ಆವರಣದಲ್ಲಿ ಅತಿಥಿಗಳಾಗಿ ಉಳಿದರು. ‘ಚಿಕಿತ್ಸೆ’ ಅಂತ ಹೇಳಿ ಅವರಿಂದ ಪುಕ್ಕಟೆ ಮಾಡಿಸುತ್ತಿದ್ದ ಕಸ ಗುಡಿಸುವ, ಪಾತ್ರೆ ತೊಳೆಯುವ ಕೆಲಸಕ್ಕೆ ಸಹಕಾರ ಸಂಘ ಕಟ್ಟಿಕೊಂಡು ಸಂಬಳ ಪಡೆದರು. ನನಗೆ ಇಡೀ ಕಥೆಯಲ್ಲಿ ಇದೇ ತುಂಬಾ ಹಿಡಿಸುವುದು. ಅದೇ ಪೊರಕೆ, ಅದೇ ಕೈ. ಈಗ ಜೇಬಲ್ಲಿ ಸ್ವಂತ ದುಡ್ಡು! ಇತ್ತ ಊರಿನ ಬೇರೆ ಬೇರೆ ಭಾಗಗಳಲ್ಲಿ ಹಗಲೂ ರಾತ್ರಿ ತೆರೆದಿರುವ, ನಾಲ್ಕಾರು ಹಾಸಿಗೆಯ ಕೇಂದ್ರಗಳು ಬಂದವು. 1978ರ ಕಾನೂನು ಇಡೀ ಇಟಲಿಯಲ್ಲಿ ಹಳೇ ಮಾನಸಿಕ ಆಸ್ಪತ್ರೆಗಳಿಗೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿತು.

ಹಾಗಾಗಿ ನನ್ನ ಉತ್ತರ ಇಷ್ಟು: ಮೊದಲು ಹೊರಗೆ ನೆಲೆ, ಆಮೇಲೆ ಬೀಗ. ಸ್ವಲ್ಪ ಕಾಲ ಎರಡನ್ನೂ ಒಟ್ಟಿಗೆ ನಡೆಸಬೇಕು. ಆಗ ಖರ್ಚು ಜಾಸ್ತಿಯೇ ಆಗುತ್ತದೆ, ಅದನ್ನು ಮುಚ್ಚಿಡಬಾರದು. ‘ದುಡ್ಡು ಉಳಿಯುತ್ತದೆ’ ಅಂತ ಶುರು ಮಾಡಿದ ಕಡೆಯೇ ಜನ ಬೀದಿಪಾಲಾಗುವುದು.

‘ನಾವು ಹೋದಮೇಲೆ ಯಾರು?’ ಅಂತ ಅಮ್ಮಂದಿರು ಕೇಳುತ್ತಾರೆ. ಎಲ್ಲವನ್ನೂ ಅಮ್ಮನ ಹೆಗಲಿಗೆ ಹಾಕುವುದು ಸಮುದಾಯದ ಆರೈಕೆ ಅಲ್ಲವೇ ಅಲ್ಲ. ಸಂಬಳ ಪಡೆಯುವ ಸಹಾಯಕರು ಮನೆಗೆ ಬರಬೇಕು, ಅಮ್ಮ ಇರುವಾಗಲೇ ಬರಬೇಕು. ಎಲ್ಲಿ, ಯಾರ ಜೊತೆ ಬದುಕಬೇಕು ಅನ್ನುವ ಆಯ್ಕೆ ವಿಕಲಚೇತನರದ್ದೇ ಅಂತ 2006ರ ವಿಶ್ವಸಂಸ್ಥೆಯ ಒಪ್ಪಂದದ 19ನೇ ವಿಧಿಯೂ ಹೇಳುತ್ತದೆ.

ಇನ್ನೊಂದು ಮಾತು. ಎಂಟು ಜನರ ಚಿಕ್ಕ ಮನೆ ತೋರಿಸಿ ‘ನೋಡಿ, ಇದು ಸಂಸ್ಥೆ ಅಲ್ಲ’ ಅನ್ನುತ್ತಾರೆ. ನಾನು ಗೋಡೆಯ ಬಣ್ಣ ನೋಡುವುದಿಲ್ಲ. ಕೋಣೆಯ ಕೀಲಿ ಯಾರ ಹತ್ತಿರ ಇದೆ, ರಾತ್ರಿ ಹನ್ನೊಂದಕ್ಕೆ ಹಸಿವಾದರೆ ಎದ್ದು ಅಡುಗೆಮನೆಗೆ ಹೋಗಬಹುದಾ ಅಂತ ಅಲ್ಲಿರುವವರನ್ನೇ ಕೇಳುತ್ತೇನೆ.