ಗ್ಲೌಕೊಸ್ ಅಂದರೆ ಯಾವ ಗ್ಲೌಕೊಸ್?

ಗ್ರೀಕ್ ಪುರಾಣಕ್ಕೆ ಹೆಸರುಗಳ ಸೂಚಿ ಮಾಡುವಾಗ ಎಡವುವುದು ಜ್ಯೂಸ್, ಅಪೊಲೊ ಹತ್ತಿರ ಅಲ್ಲ. ಎರಡು ಸಾಲಲ್ಲಿ ಬಂದು ಸತ್ತುಹೋಗುವ ಸಣ್ಣ ಮನುಷ್ಯರ ಹತ್ತಿರ. ಹೆಸರಿಗೊಂದು ಕಾರ್ಡ್ ಮಾಡಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಆಳಿಗೊಂದು ಕಾರ್ಡ್ ಇರಬೇಕು: ಅಪ್ಪ ಯಾರು, ಯಾವ ಊರು, ಕೊಂದವರು ಯಾರು, ಯಾವ ಕೃತಿಯ ಎಷ್ಟನೇ ಸಾಲು.

ಗ್ರೀಕರು ಟ್ರಾಯ್ ಊರಿನ ಮೇಲೆ ಮಾಡಿದ ಯುದ್ಧದ ಕಾವ್ಯ, ಹೋಮರನ ಇಲಿಯಡ್‌ನ 6ನೇ ಸರ್ಗ ತೆಗೆಯಿರಿ. ಟ್ರಾಯ್ ಕಡೆಯ, ಲಿಸಿಯಾ ನಾಡಿನ ಗ್ಲೌಕೊಸ್ ಗ್ರೀಕ್ ವೀರ ಡಿಯೊಮೇಡೇಸನಿಗೆ ತನ್ನ ವಂಶ ಹೇಳುತ್ತಾನೆ. 154ನೇ ಸಾಲಿನಲ್ಲಿ ಸಿಸಿಫೊಸನ ಮಗ ಗ್ಲೌಕೊಸ್, ಅವನ ಮಗ ಬೆಲೆರೊಫೋನ್, ಅವನ ಮಗ ಹಿಪ್ಪೊಲೊಕೊಸ್. 206ಕ್ಕೆ ಬಂದಾಗ "ನಾನು ಹಿಪ್ಪೊಲೊಕೊಸನ ಮಗ". ಅಂದರೆ ಒಂದೇ ಮಾತಿನಲ್ಲಿ ಮುತ್ತಾತ, ಮರಿಮಗ ಇಬ್ಬರೂ ಗ್ಲೌಕೊಸ್. ಹಿರಿಯರ ಹೆಸರು ಇಡುವ ನಮ್ಮ ಮನೆಗಳವರಿಗೆ ಇದೇನು ಹೊಸದಲ್ಲ. ಡಿಯೊಮೇಡೇಸನಿಗೆ 100 ಎತ್ತು ಬೆಲೆಯ ಚಿನ್ನದ ಕವಚ ಕೊಟ್ಟು 9 ಎತ್ತಿನ ಕಂಚಿನದು ತಗೊಂಡವನು ಮರಿಮಗ. ತನ್ನ ಕುದುರೆಗಳಿಗೇ ಆಹಾರವಾದವನು ಮುತ್ತಾತ. ಜೇನಿನ ಹಂಡೆಯಲ್ಲಿ ಬಿದ್ದು ಸತ್ತು ಮತ್ತೆ ಬದುಕಿದ ಇನ್ನೊಬ್ಬ ಗ್ಲೌಕೊಸ್ ಕ್ರೀಟ್ ರಾಜ ಮಿನೋಸನ ಮಗ, ಈ ವಂಶಕ್ಕೆ ಸೇರಿದವನೇ ಅಲ್ಲ.

ಅಡ್ರೇಸ್ಟೊಸ್ ಇನ್ನೂ ಕಷ್ಟ. ಟ್ರಾಯ್ ಕಡೆಯಲ್ಲೇ ಈ ಹೆಸರಿಗೆ ಮೂರು ಸಾವು: 6ನೇ ಸರ್ಗದಲ್ಲಿ ಗ್ರೀಕರ ನಾಯಕ ಅಗಮೆಮ್ನೋನನ ಕೈಯಲ್ಲಿ, 11ರಲ್ಲಿ ಡಿಯೊಮೇಡೇಸನ ಕೈಯಲ್ಲಿ, 16ರಲ್ಲಿ ಗ್ರೀಕ್ ವೀರ ಪಾಟ್ರೊಕ್ಲೊಸನ ಕೈಯಲ್ಲಿ. 11ರಲ್ಲಿ "ಮೆರೊಪ್ಸನ ಇಬ್ಬರು ಮಕ್ಕಳು" ಅಂತಷ್ಟೇ ಇದೆ. ಅವರಲ್ಲೊಬ್ಬ ಅಡ್ರೇಸ್ಟೊಸ್ ಅನ್ನುವುದು 2ನೇ ಸರ್ಗದ 830ರಲ್ಲಿ ಸಿಗುತ್ತದೆ. ಹೆಸರು ಹಾಕಿ ಹುಡುಕಿದರೆ ಈ ಸಾವು ಕೈಗೆ ಸಿಗುವುದೇ ಇಲ್ಲ. ಅಪ್ಪನ ಹೆಸರಿನಲ್ಲೂ ಹುಡುಕಿ ಅನ್ನುವುದು ಇದಕ್ಕೇ. ಆರ್ಗೊಸ್‌ನ ರಾಜ ಅಡ್ರಾಸ್ಟೊಸನದೂ ಇದೇ ಹೆಸರು, ಹೋಮರನಲ್ಲಿ ಉಚ್ಚಾರ ಬೇರೆ. ಎರಡೂ ರೂಪಕ್ಕೆ "ನೋಡಿ" ಅಂತ ಕೊಂಡಿ ಹಾಕಬೇಕು.

ಬರವಣಿಗೆಯಲ್ಲಿ ಕನ್ನಡಕ್ಕೆ ಒಂದು ಲಾಭ ಇದೆ. ಎ-ಏ, ಒ-ಓ ಭೇದ ಗ್ರೀಕ್‌ನಲ್ಲೂ ಇದೆ, ನಮ್ಮಲ್ಲೂ ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ ಅಳಿಸಿಹೋಗುತ್ತದೆ. ಇಂಗ್ಲಿಷ್‌ನಿಂದ ಇಳಿಸಿಕೊಳ್ಳದೆ ಗ್ರೀಕ್ ಮೂಲ ನೋಡಿ ಬರೆಯಿರಿ.

ಒಬ್ಬನನ್ನೇ ಇಬ್ಬರು ಅಂತ ಕಾರ್ಡ್ ಒಡೆಯುವ ಚಪಲವೂ ಕೆಟ್ಟದ್ದು. ಟ್ರಾಯ್ ಕಡೆಯ ಪಿಲೈಮೆನೇಸ್ 5ನೇ ಸರ್ಗದ 576ರಲ್ಲಿ ಗ್ರೀಕ್ ರಾಜ ಮೆನೆಲಾವೊಸನಿಂದ ಸಾಯುತ್ತಾನೆ. 13ನೇ ಸರ್ಗದ 658ರಲ್ಲಿ ಮಗನ ಹೆಣದ ಜೊತೆ ಅಳುತ್ತಾ ನಡೆಯುತ್ತಾನೆ. ಕೆಲವು ಹಳೆಯ ವ್ಯಾಖ್ಯಾನಕಾರರು ಇಬ್ಬರು ಪಿಲೈಮೆನೇಸ್ ಇದ್ದರು ಅಂತ ಹೇಳಿ ಜಾರಿಕೊಂಡರು. ನೀವು ಒಂದೇ ಕಾರ್ಡಿನಲ್ಲಿ ಎರಡೂ ಸಾಲು ಬರೆದು, ಪಕ್ಕದಲ್ಲಿ "ಸತ್ತ ಮೇಲೂ ಬರುತ್ತಾನೆ" ಅಂತ ಗುರುತು ಹಾಕಿ ಬಿಡಿ.